ಬಗ್ ಇರೋದು ಬದುವಿನಲ್ಲಿ

ಮೂರು ದಿನ ಸಾಕು ಅಂದೆಯಂತೆ. ಮೊದಲ ದಿನ ಸ್ಲೈಡು, ಎರಡನೇ ದಿನ ಟೂಲು, ಮೂರನೇ ದಿನ ಪರೀಕ್ಷೆ. ನಾಲ್ಕನೇ ದಿನ ಬೆಳಗಾಗುವುದರೊಳಗೆ ಚೋರನೂರು ಹೋಬಳಿಯ ಹುಡುಗ ಹುಡುಗಿಯರೆಲ್ಲ ಸಾಫ್ಟ್‌ವೇರ್ ಟೆಸ್ಟರುಗಳು. ಭೇಷ್! ನೀನು ಏಳು ತಿಂಗಳಿಗೇ ಹುಟ್ಟಿದವಳು ಅಂತ ನಿಮ್ಮಜ್ಜಿ ಈಗಲೂ ಹೇಳಿ ನಗ್ತಾಳೆ. ಆ ಅವಸರ ಇನ್ನೂ ಇಳಿದಿಲ್ಲ ನೋಡು.

ಬೈಯೋದಕ್ಕೆ ಕೂತಿಲ್ಲವ್ವ. ನಿನ್ನ ಯೋಚನೆ ಬಹಳ ಒಳ್ಳೇದು. ನಮ್ಮ ಕಡೆ ಡಿಗ್ರಿ ಮುಗಿಸಿದ ಮಕ್ಕಳಿಗೆ ಎರಡೇ ದಾರಿ ಕಾಣ್ತವೆ. ಗಣಿಯ ಗೇಟಿನ ಮುಂದೋ ತೋರಣಗಲ್ಲಿನ ಕಾರ್ಖಾನೆ ಗೇಟಿನ ಮುಂದೋ ಬಯೋಡೇಟಾ ಹಿಡಿದು ನಿಲ್ಲೋದು ಒಂದು. ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ, ಬಿಟಿಎಂ ಲೇಔಟಿನಲ್ಲೋ ಮಾರತ್ತಹಳ್ಳಿಯಲ್ಲೋ ಪಿಜಿ ಹಿಡಿದು, ಅಪ್ಪ ಶೇಂಗಾ ಮಾರಿದ ದುಡ್ಡನ್ನು ಟೆಸ್ಟಿಂಗ್ ಕೋರ್ಸಿಗೆ ಸುರಿಯೋದು ಇನ್ನೊಂದು. ನೀನು ಕೆಲಸವನ್ನೇ ಊರಿಗೆ ತರ್ತೀನಿ ಅಂದಿದ್ದೀಯ. ರೈತರಿಗೆ ಸಾಲ ಕೊಡುವ ಆ್ಯಪನ್ನು ರೈತರ ಮಕ್ಕಳೇ ಪರೀಕ್ಷೆ ಮಾಡಲಿ ಅಂದಿದ್ದೀಯ. ಕೇಳಿ ಹೊಟ್ಟೆ ತಣ್ಣಗಾಯ್ತು. ಆದರೆ ಫೋನಿನಲ್ಲಿ ಒಂದು ಮಾತು ಅಂದೆ: "ಅಜ್ಜಾ, ಅವರಿಗೆ ಏನೂ ಗೊತ್ತಿಲ್ಲ, ಎಲ್ಲಾ ಮೊದಲಿಂದ ಕಲಿಸ್ಬೇಕು." ಆ ಮಾತು ಮಾತ್ರ ನನಗೆ ಹಿಡಿಸಲಿಲ್ಲ.

ಏನೂ ಗೊತ್ತಿಲ್ಲದವರು ಅಂದರೆ ಯಾರು? "ಭೂಮಿ" ಯೋಜನೆ ಬಂದ ಕಾಲದ ಸಂಗತಿ ಹೇಳ್ತೀನಿ ಕೇಳು. ಆಗ ನೀನು ಹುಟ್ಟಿದ್ದೆಯೋ ಇಲ್ಲವೋ. ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಬೇಕಿತ್ತು. ಯೋಜನೆ ಮುನ್ನಡೆಸಿದವರು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ಸಾಫ್ಟ್‌ವೇರ್ ಬರೆದವರು ಎನ್‌ಐಸಿಯ ಎಂಜಿನಿಯರುಗಳು. ಅಕ್ಷರ ತುಂಬಿದವರು ಡೇಟಾ ಎಂಟ್ರಿ ಏಜೆನ್ಸಿಗಳ ಹುಡುಗರು. ತುಂಬಿದ್ದು ಸರಿ ಇದೆಯೋ ಇಲ್ಲವೋ ಅಂತ ನೋಡಿದವರು? ಗ್ರಾಮ ಲೆಕ್ಕಿಗರು. ಅವರಲ್ಲಿ ಎಷ್ಟೋ ಜನ ಅಲ್ಲಿಯ ತನಕ ಮೌಸು ಮುಟ್ಟಿದವರೇ ಅಲ್ಲ. ಮುದ್ರಣವಾಗಿ ಬಂದ ಹಾಳೆಯನ್ನು ಕೈಬರಹದ ಪಹಣಿಯ ಪಕ್ಕ ಇಟ್ಟುಕೊಂಡು ಸಾಲು ಸಾಲು ತಾಳೆ ನೋಡಿದರು. ಡೇಟಾಬೇಸ್ ಅಂದರೇನು ಅಂತ ಅವರಿಗೆ ಗೊತ್ತಿರಲಿಲ್ಲ. ಯಾವ ಸರ್ವೆ ನಂಬರಿನಲ್ಲಿ ಅಣ್ಣ ತಮ್ಮಂದಿರ ಕೂಡುಖಾತೆ ಇದೆ, ಯಾರು ತೀರಿಕೊಂಡು ಫೌತಿ ಖಾತೆ ಇನ್ನೂ ಆಗಿಲ್ಲ, ಯಾವ ಬಸಪ್ಪನಿಗೂ ಯಾವ ಬಸಪ್ಪನಿಗೂ ಸಂಬಂಧವಿಲ್ಲ, ಇದೆಲ್ಲ ಗೊತ್ತಿತ್ತು. 2002ರ ಹೊತ್ತಿಗೆ ತಾಲ್ಲೂಕು ತಾಲ್ಲೂಕಿನಲ್ಲೂ 15 ರೂಪಾಯಿಗೆ ಕಂಪ್ಯೂಟರ್ ಪಹಣಿ ಕೈಗೆ ಬಂತು. ತಪ್ಪುಗಳು ಉಳಿದವು, ಹೆಸರು ತಿದ್ದುಪಡಿಗೆ ಜನ ಅಲೆದರು, ಅದೂ ಸುಳ್ಳಲ್ಲ. ಆದರೆ ಆ ತಾಳೆ ನೋಡುವ ಕೆಲಸವನ್ನು ಬರೀ ಎಂಜಿನಿಯರುಗಳಿಗೆ ಬಿಟ್ಟಿದ್ದರೆ, ಪರದೆ ತೆರೆಯಿತು, ಪ್ರಿಂಟ್ ಬಂತು, ಎಲ್ಲಾ ಸರಿ ಅಂತ ಸಹಿ ಹಾಕಿ ಊಟಕ್ಕೆ ಹೋಗಿರೋರು.

ಅದಕ್ಕೇ ಹೇಳೋದು. ನಿನ್ನ ಹುಡುಗರಿಗೆ ಕಂಪ್ಯೂಟರು ಹೊಸದು, ಬದುಕು ಹೊಸದಲ್ಲ. ಮೊದಲ ದಿನ ಸ್ಲೈಡು ಬಿಚ್ಚಬೇಡ. ನಿಮ್ಮ ಸಾಲದ ಅರ್ಜಿಯ ಮೊದಲ ಪುಟ ತೆರೆದು ಮುಂದಿಡು. ನಿಮ್ಮ ನಿಮ್ಮ ಮನೆಯವರ ಹೆಸರಲ್ಲಿ ತುಂಬಿ ಅನ್ನು. ಆಮೇಲೆ ಸುಮ್ಮನೆ ಕೂತು ನೋಡು.

"ಕೊನೆಯ ಹೆಸರು ಕಡ್ಡಾಯ" ಅಂತ ಕೆಂಪಕ್ಷರ ಬರ್ತದೆ. ಎರ್ರಿಸ್ವಾಮಿಗೆ ಕೊನೆಯ ಹೆಸರು ಎಲ್ಲಿಂದ ತರೋದು? ಹುಲಿಗೆಮ್ಮನಿಗೆ? ಒಬ್ಬ ಹುಡುಗ ಚುಕ್ಕಿ ಹಾಕ್ತಾನೆ, ಇನ್ನೊಬ್ಬಳು ಎರ್ರಿಸ್ವಾಮಿ ಎರ್ರಿಸ್ವಾಮಿ ಅಂತ ಎರಡು ಸಲ ಹೊಡೀತಾಳೆ, ಮತ್ತೊಬ್ಬ ಊರಿನ ಹೆಸರು ತುರುಕ್ತಾನೆ. ಅದೇ ಎರ್ರಿಸ್ವಾಮಿ ಆಧಾರಿನಲ್ಲಿ ಎರ್ರಿಸ್ವಾಮಿ, ಪಾಸ್‌ಬುಕ್ಕಿನಲ್ಲಿ ಯರ್ರಿಸ್ವಾಮಿ. ಎರಡೂ ಒಬ್ಬನೇ ಅಂತ ಊರಿಗೆಲ್ಲ ಗೊತ್ತು, ನಿನ್ನ ಆ್ಯಪಿಗೆ ಗೊತ್ತಿಲ್ಲ.

ಹುಟ್ಟಿದ ದಿನಾಂಕಕ್ಕೆ ಬಾ. ಆ ಹುಡುಗರು ಅಪ್ಪ, ಚಿಕ್ಕಪ್ಪ, ಸೋದರಮಾವ ಅಂತ ತುಂಬುತ್ತಾ ಹೋದ ಹಾಗೆ ನೋಡು: ಜೂನ್ 1, ಜೂನ್ 1, ಜೂನ್ 1. ನಿನ್ನ ಬೆಂಗಳೂರಿನ ಡೆವಲಪರು ಇದು ಸುಳ್ಳು ಡೇಟಾ ಅಂತ ಎಸೀತಾನೆ. ಸುಳ್ಳಲ್ಲಪ್ಪಾ. ಶಾಲೆಗೆ ಸೇರಿಸುವಾಗ ಮೇಷ್ಟ್ರು, ಹುಟ್ಟಿದ್ದು ಯಾವತ್ತು ಅಂದರು. ಅವ್ವ, ಕಾರ ಹುಣ್ಣಿಮೆ ಆಸುಪಾಸು ಅಂದಳು. ಮೇಷ್ಟ್ರು ಶಾಲೆಗೆ ಅನುಕೂಲವಾಗುವಂತೆ ಜೂನ್ 1 ಬರೆದರು. ಹೆಸರೂ ಹುಟ್ಟಿದ ದಿನವೂ ಒಂದೇ ಆದರೆ ಇಬ್ಬರೂ ಒಬ್ಬನೇ ಅಂತ ಯಾವನಾದರೂ ಕೋಡ್ ಬರೆದಿದ್ದರೆ, ನಮ್ಮ ಹೋಬಳಿಯಲ್ಲಿ ಒಬ್ಬನ ಸಾಲ ಇನ್ನೊಬ್ಬನ ತಲೆಗೆ ಕಟ್ಟೋದು ಖಂಡಿತ. ಇದನ್ನು ಕಂಡುಹಿಡಿಯಲು ಕೋರ್ಸು ಬೇಕಿಲ್ಲ. ಆ ಜೂನ್ 1ರಲ್ಲಿ ಹುಟ್ಟಿದವರ ಮನೆಯಲ್ಲಿ ಬೆಳೆದಿದ್ದರೆ ಸಾಕು.

ಜಿಲ್ಲೆಯ ಪಟ್ಟಿ ನೋಡಲು ಹೇಳು. 2021ರಲ್ಲಿ ವಿಜಯನಗರ ರಾಜ್ಯದ 31ನೇ ಜಿಲ್ಲೆ ಆಯ್ತು. ಹೊಸಪೇಟೆ ಆ ಕಡೆ ಹೋಯ್ತು, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಇಂಗ್ಲಿಷಿನಲ್ಲಿ ಬೆಳ್ಳಾರಿ ಅಂತಿದ್ದದ್ದು 2014ರ ನವೆಂಬರ್ 1ರಿಂದ ಬಳ್ಳಾರಿ ಆಯ್ತು. ಹಳೇ ಪಟ್ಟಿ ಕಾಪಿ ಹೊಡೆದವನ ಆ್ಯಪಿನಲ್ಲಿ ಹೊಸಪೇಟೆಯವ ಇನ್ನೂ ಬಳ್ಳಾರಿ ಜಿಲ್ಲೆಯಲ್ಲೇ ಇರ್ತಾನೆ.

ಇನ್ನು ಹೊಲದ ಅಳತೆ. ಇದರಲ್ಲಿ ಸ್ವಲ್ಪ ನಿಂತುಕೋ, ಯಾಕಂದರೆ ದುಡ್ಡು ಇರೋದು ಇಲ್ಲೇ. ಹಿಂದೆ ಮದ್ರಾಸ್ ಆಳ್ವಿಕೆಯಲ್ಲಿದ್ದ ಸೀಮೆಯಲ್ಲಿ ಸೆಂಟ್ಸ್ ಲೆಕ್ಕ, ಎಕರೆಗೆ 100. ಹಳೇ ಮೈಸೂರು ಕಡೆ ಗುಂಟೆ ಲೆಕ್ಕ, ಎಕರೆಗೆ 40. ಈಗ ನಿನ್ನ ಆ್ಯಪಿನಲ್ಲಿ ಒಬ್ಬ 3.20 ಅಂತ ಹೊಡೆದ. ಗುಂಟೆಯಾದರೆ ಅದು ಮೂರೂವರೆ ಎಕರೆ. ಸೆಂಟ್ಸಾದರೆ ಮೂರು ಎಕರೆ ಮೇಲೆ ಐದನೇ ಒಂದು ಪಾಲು. ಎಕರೆ ಲೆಕ್ಕದಲ್ಲಿ ಸಾಲ ಕೊಡೋರು ನೀವು. 3 ಎಕರೆ 39 ಗುಂಟೆಗೆ 1 ಗುಂಟೆ ಕೂಡಿಸಿದರೆ 4 ಎಕರೆ ಆಗಬೇಕು. ಕಂಪ್ಯೂಟರು ಅದನ್ನು ದಶಮಾಂಶ ಅಂತ ತಿಳಿದು 3.40 ಅಂತ ತೋರಿಸಿತೋ, ಅಲ್ಲೇ ಬಗ್ಗು. ಈ ಲೆಕ್ಕ ನಿನ್ನ ಟೀಮಿನ ಎಂ.ಟೆಕ್. ಹುಡುಗನಿಗೆ ಹೊಳೆಯೋದಿಲ್ಲ. ಅಪ್ಪನ ಜೊತೆ ಸರ್ವೆಗೆ ಸರಪಳಿ ಹಿಡಿದ ಹುಡುಗನಿಗೆ ಹೊಳೀತದೆ.

ಹೊಲದ ಮಾತು ಬಂತಲ್ಲ, ಇಲ್ಲೇ ಅವರಿಗೆ ಮೊದಲ ಪಾಠ ಹೇಳಿಬಿಡು. ಹೊಲದ ನಟ್ಟನಡುವೆ ನಿಂತು ಯಾರಾದರೂ ಜಗಳ ಆಡಿದ್ದು ಕಂಡಿದ್ದೀಯಾ? ಜಗಳ ಆಗೋದೆಲ್ಲ ಬದುವಿನ ಮೇಲೆ. ಹದ್ದುಬಸ್ತಿಗೆ ಅರ್ಜಿ ಹಾಕೋದು ಬದುವಿಗೆ, ಕಲ್ಲು ಕಿತ್ತು ಹಾಕೋದು ಬದುವಿನದು, ಕೋರ್ಟಿಗೆ ಹೋಗೋದು ಬದುವಿಗೆ. ಸಾಫ್ಟ್‌ವೇರಿನಲ್ಲೂ ಹಂಗೇ. ಹದಿನೆಂಟು ವರ್ಷ ತುಂಬಿದವರಿಗೆ ಮಾತ್ರ ಸಾಲ ಅಂದರೆ ನಲವತ್ತು ವರ್ಷದವನನ್ನು ಹಾಕಿ ನೋಡೋದು ದಂಡ. ಇವತ್ತಿಗೆ ಸರಿಯಾಗಿ ಹದಿನೆಂಟು ತುಂಬಿದವನನ್ನು ಹಾಕು, ನಾಳೆ ತುಂಬುವವನನ್ನು ಹಾಕು, ಫೆಬ್ರುವರಿ 29ರಂದು ಹುಟ್ಟಿದವನನ್ನು ಹಾಕು. ಒಂದು ಲಕ್ಷದ ಮಿತಿ ಅಂದರೆ 99,999, 1,00,000, 1,00,001 ಮೂರನ್ನೂ ಹೊಡೆದು ನೋಡು. ಸೊನ್ನೆ ಹೊಡಿ. ಖಾಲಿ ಬಿಡು.

ದೊಡ್ಡ ದೊಡ್ಡವರೂ ಬದುವಿನಲ್ಲೇ ಎಡವಿದ್ದಾರೆ. 1996ರ ಜೂನ್ 4ರಂದು ಯುರೋಪಿನವರ ಏರಿಯಾನ್ 5 ರಾಕೆಟ್ಟು ಮೊದಲ ಸಲ ಹಾರಿತು. ಹಾರಿ ನಲವತ್ತು ಸೆಕೆಂಡು ಆಗುವಷ್ಟರಲ್ಲಿ ಆಕಾಶದಲ್ಲೇ ಚೂರಾಯ್ತು. ಹಳೇ ಏರಿಯಾನ್ 4ಕ್ಕೆ ಬರೆದ ಕೋಡಿನ ಒಂದು ಭಾಗವನ್ನು ಹಾಗೇ ತಂದು ಕೂರಿಸಿದ್ದರು. ಆ ಕೋಡು ಒಂದು ದೊಡ್ಡ ಸಂಖ್ಯೆಯನ್ನು 16 ಬಿಟ್ಟಿನ ಡಬ್ಬಿಗೆ ತುಂಬಲು ಹೋಯ್ತು. ಆ ಡಬ್ಬಿಗೆ 32,767ರ ತನಕ ಮಾತ್ರ ಹಿಡಿಯೋದು. ಹಳೇ ರಾಕೆಟ್ಟಿನಲ್ಲಿ ಸಂಖ್ಯೆ ಅಷ್ಟು ಏರುತ್ತಲೇ ಇರಲಿಲ್ಲ. ಹೊಸದು ಜೋರಾಗಿ ಹೋಗುವಂಥದ್ದು, ಬದು ದಾಟಿತು. ಹಳೇ ಯಂತ್ರದಲ್ಲಿ ಸರಿಯಾಗಿ ನಡೆದಿತ್ತು ಅನ್ನೋ ಮಾತನ್ನು ನಿನ್ನ ಡೆವಲಪರುಗಳು ವಾರಕ್ಕೆ ಎರಡು ಸಲ ಹೇಳ್ತಾರೆ. ಹೇಳಿದಾಗೆಲ್ಲ ಈ ರಾಕೆಟ್ಟನ್ನು ನೆನೆಸಿಕೋ.

ನಾನು ಈ ಕಸುಬಿಗೆ ಬಂದದ್ದೂ ಬದುವಿನ ಕೆಲಸಕ್ಕೇ. ವೈ ಟು ಕೆ ಕಾಲ. ಇಸವಿಗೆ ಎರಡೇ ಅಂಕಿ ಇಟ್ಟಿದ್ದ ಪ್ರೋಗ್ರಾಮುಗಳಿಗೆ 99 ಆದಮೇಲೆ 00 ಬಂದರೆ ಅದು ಎರಡು ಸಾವಿರವೋ ಸಾವಿರದ ಒಂಬೈನೂರೋ ತಿಳೀತಿರಲಿಲ್ಲ. ನನ್ನಂಥ ಬಿ.ಕಾಂ. ಓದಿದವರನ್ನೂ ಸೇರಿಸಿಕೊಂಡು ದಿನಾಂಕ ಹೊಡೆಸಿದರು. ಆಗ ಒಂದು ತಮಾಷೆ ಕಂಡೆ. ನೂರರಿಂದ ಭಾಗವಾಗುವ ವರ್ಷ ಅಧಿಕ ವರ್ಷ ಅಲ್ಲ ಅಂತ ಅರ್ಧ ಕಲಿತವರು 2000ದಲ್ಲಿ ಫೆಬ್ರುವರಿ 29ನ್ನು ತೆಗೆದು ಹಾಕಿದ್ದರು. ನಾಲ್ಕುನೂರರಿಂದ ಭಾಗವಾದರೆ ಮತ್ತೆ ಅಧಿಕ ವರ್ಷವೇ ಅನ್ನೋ ಉಳಿದರ್ಧ ಅವರಿಗೆ ಗೊತ್ತಿರಲಿಲ್ಲ. ನಾಲ್ಕರಿಂದ ಭಾಗವಾದರೆ ಸಾಕು ಅಂತ ಅಷ್ಟೇ ಗೊತ್ತಿದ್ದವರ ಪ್ರೋಗ್ರಾಮು ಆ ವರ್ಷ ಸರಿಯಾಗಿ ನಡೀತು. ಅರ್ಧ ಬುದ್ಧಿವಂತರ ಕೋಡನ್ನು ಎರಡು ಸಲ ನೋಡು ಅಂತ ಅವತ್ತೇ ತೀರ್ಮಾನ ಮಾಡಿದೆ.

ಈಗ ಕನ್ನಡಕ್ಕೆ ಬಾ. ನಿನ್ನ ಆ್ಯಪು ಕನ್ನಡದಲ್ಲಿದೆ ಅಂತ ಹೆಮ್ಮೆಯಿಂದ ತೋರಿಸಿದೆ. ನಿಮ್ಮ ಬೆಂಗಳೂರಿನ ಟೆಸ್ಟರುಗಳು ಅದನ್ನು ಪರೀಕ್ಷೆ ಮಾಡಿದ್ದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಹೌದೋ ಅಲ್ಲವೋ ಹೇಳು. ಚೋರನೂರು ಅಂತ ಬರಿ. ಕಣ್ಣಿಗೆ ನಾಲ್ಕು ಅಕ್ಷರ: ಚೋ, ರ, ನೂ, ರು. ಯೂನಿಕೋಡಿನ ಲೆಕ್ಕದಲ್ಲಿ ಏಳು ಸಂಕೇತ, ಯಾಕಂದರೆ ಓತ್ವ, ಕೊಂಬು ಎಲ್ಲಾ ಬೇರೆ ಬೇರೆ. ಯುಟಿಎಫ್ 8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟು. ಅಲ್ಲಿಗೆ 21 ಬೈಟು ಆಯ್ತು. ಊರಿನ ಹೆಸರಿಗೆ 20 ಬೈಟು ಸಾಕು ಅಂತ ಯಾವನೋ ಜಾಗ ಬಿಟ್ಟಿದ್ದರೆ, ಕೊನೆಯ ಕೊಂಬು ಹಾರಿಹೋಗಿ ನಿಮ್ಮೂರು "ಚೋರನೂರ" ಆಗ್ತದೆ, ಇಲ್ಲವೇ ಅದರ ಪಕ್ಕ ಒಂದು ವಿಚಿತ್ರ ಪ್ರಶ್ನೆ ಚಿಹ್ನೆ ಬಂದು ಕೂರ್ತದೆ. ಸಂಡೂರು, ಕಂಪ್ಲಿ ಎರಡೂ 18 ಬೈಟು, ಸಲೀಸಾಗಿ ಪಾಸಾಗ್ತವೆ. ಹೊಸಪೇಟೆ, ಬಳ್ಳಾರಿ ನಮ್ಮ ಹಾಗೇ 21, ಅವೂ ತುಂಡಾಗ್ತವೆ. ಸಂಡೂರಿನಲ್ಲಿ ಕೂತು ಸಂಡೂರು ಅಂತ ಮಾತ್ರ ಹೊಡೆದು ನೋಡಿದವನಿಗೆ ಈ ಬಗ್ಗು ಜನ್ಮದಲ್ಲಿ ಕಾಣೋದಿಲ್ಲ!

ಇದರ ಬೆನ್ನಿಗೇ ಇನ್ನೆರಡು ಹೇಳಿಕೊಡು. ರ‍್ಯಾಂಕ್ ಅಂತ ಟೈಪ್ ಮಾಡಿಸು. ರಕ್ಕೆ ಯವೊತ್ತು ಬರಬೇಕಾದಲ್ಲಿ ಅರ್ಕಾವೊತ್ತು ಬಂದು "ರ್ಯಾಂಕ್" ಆಯಿತಾ ನೋಡಲಿ. ಮೊದಲಿನದು ಸರಿ ಬರಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂರಬೇಕು. ಆ ಕಾಣದ ಸಂಕೇತ ಇದ್ದ ಪದವನ್ನು ಇಲ್ಲದ ಪದದಿಂದ ಹುಡುಕಿದರೆ ಸಿಗೋದಿಲ್ಲ. ಎರಡನೆಯದು ಎಸ್‌ಎಂಎಸ್. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಹಿಡೀತದೆ, ಕನ್ನಡದಲ್ಲಿ 70 ಸಂಕೇತ ಅಷ್ಟೇ. "ನಿಮ್ಮ ಸಾಲ ಮಂಜೂರಾಗಿದೆ" ಅನ್ನೋದು ಒಂದು ತುಂಡಿನಲ್ಲಿ ಬಂದು, "ಎಂದು ತಿಳಿಯಬೇಡಿ, ಅರ್ಜಿ ಪರಿಶೀಲನೆಯಲ್ಲಿದೆ" ಅನ್ನೋದು ಇನ್ನೊಂದು ತುಂಡಿನಲ್ಲಿ ಅರ್ಧ ತಾಸು ತಡವಾಗಿ ಬಂತು ಅಂತಿಟ್ಟುಕೋ. ಆ ಮನೆಯಲ್ಲಿ ಅಷ್ಟರೊಳಗೆ ಹೋಳಿಗೆಗೆ ಬೇಳೆ ಇಟ್ಟಿರ್ತಾರೆ.

ಬೆರಳಿನ ಮಾತನ್ನೂ ಮರೀಬೇಡ. ಬಯೋಮೆಟ್ರಿಕ್ ಯಂತ್ರವನ್ನು ನಿಮ್ಮ ಆಫೀಸಿನಲ್ಲಿ ಪರೀಕ್ಷೆ ಮಾಡೋ ಬೆರಳುಗಳೆಲ್ಲ ಕೀಬೋರ್ಡು ಒತ್ತಿದವು. ಕಳೆ ತೆಗೆದು, ಅದಿರು ಹೊತ್ತು, ಪಾತ್ರೆ ತಿಕ್ಕಿ ಸವೆದ ಬೆರಳುಗಳನ್ನು ಅದು ಎಷ್ಟೋ ಸಲ ಗುರುತು ಹಿಡಿಯೋದಿಲ್ಲ. ನ್ಯಾಯಬೆಲೆ ಅಂಗಡಿಯ ಮುಂದೆ ಮುದುಕಿಯರು ಬೆರಳನ್ನು ಸೆರಗಿಗೆ ಒರೆಸಿ ಒರೆಸಿ ಮತ್ತೆ ಮತ್ತೆ ಇಡೋದನ್ನು ನಿನ್ನ ಹುಡುಗರು ಚಿಕ್ಕಂದಿನಿಂದ ನೋಡಿದ್ದಾರೆ. ಅವರನ್ನು ಒಂದು ದಿನ ಅಲ್ಲೇ ಕೂರಿಸು. ಇನ್ನೊಂದು ದಿನ ಗ್ರಾಮ ಒನ್ ಕೇಂದ್ರದಲ್ಲಿ ಕೂರಿಸು. ಬಾಯಿ ಮುಚ್ಚಿಕೊಂಡು ನೋಡಬೇಕು, ಬರೆದುಕೊಳ್ಳಬೇಕು, ಸಹಾಯ ಮಾಡಬಾರದು. ಸಹಾಯ ಮಾಡಿದರೆ ತಪ್ಪು ಕಾಣೋದಿಲ್ಲ. ನಿನ್ನಂಥವಳಿಗೆ ಅದು ಎಲ್ಲಕ್ಕಿಂತ ಕಷ್ಟ, ಒಂದು ನಿಮಿಷ ಸುಮ್ಮನಿರೋದು.

ಸಿಗ್ನಲ್ಲು ಹೋಗಿ ಬರುವ ಕಡೆ ನಿಲ್ಲಿಸಿ "ಹಣ ಕಳಿಸಿ" ಒತ್ತಿಸು. ಗಿರಗಿರ ತಿರುಗ್ತಾ ಇರ್ತದೆ. ನಮ್ಮ ಜನ ಏನು ಮಾಡ್ತಾರೆ? ಮತ್ತೊಮ್ಮೆ ಒತ್ತುತ್ತಾರೆ. ಎರಡು ಸಲ ಹೋಯ್ತಾ ಒಂದು ಸಲ ಹೋಯ್ತಾ, ಅದನ್ನು ನೋಡಿಸು. ನಡುವೆ ಫೋನು ಬಂದರೆ? ಬ್ಯಾಟರಿ ಸತ್ತರೆ? ಮಗು ಕಸಿದುಕೊಂಡು ಎಲ್ಲಾ ಕಡೆ ಕುಟ್ಟಿದರೆ? ಬೆಂಗಳೂರಿನ ಎಸಿ ಕೋಣೆಯಲ್ಲಿ ಇದ್ಯಾವುದೂ ಆಗೋದಿಲ್ಲ.

ಇಷ್ಟಾದ ಮೇಲೆ ಬೇಕಾದರೆ ಪುಸ್ತಕ ತೆರಿ. ಗ್ಲೆನ್‌ಫೋರ್ಡ್ ಮೈಯರ್ಸ್ ಅನ್ನೋರು 1979ರಲ್ಲಿ ಟೆಸ್ಟಿಂಗ್ ಬಗ್ಗೆ ಒಂದು ಪುಸ್ತಕ ಬರೆದರು. ಶುರುವಿನಲ್ಲೇ ಒಂದು ಸಣ್ಣ ಪರೀಕ್ಷೆ ಇದೆ. ಮೂರು ಸಂಖ್ಯೆ ಕೊಟ್ಟರೆ ಅವು ಯಾವ ಬಗೆಯ ತ್ರಿಕೋನದ ಬಾಹುಗಳು ಅಂತ ಹೇಳುವ ಪ್ರೋಗ್ರಾಮು. ಅದನ್ನು ಪರೀಕ್ಷಿಸಲು ಏನೇನು ಸಂಖ್ಯೆ ಕೊಡ್ತೀಯ, ಅಷ್ಟೇ ಪ್ರಶ್ನೆ. 14 ಅಂಕಕ್ಕೆ ನುರಿತ ಪ್ರೋಗ್ರಾಮರುಗಳೂ ಸರಾಸರಿ 7.8 ತೆಗೆದರು ಅಂತ ಅವರೇ ಬರೆದಿದ್ದಾರೆ. ನಿನ್ನ ಹುಡುಗರಿಗೂ ಇದನ್ನೇ ಕೊಡು. ಮೊದಲು 3, 4, 5 ಬರೀತಾರೆ. ಆಮೇಲೆ ಮೂರೂ ಸಮ. ಆಮೇಲೆ ಪೆನ್ನು ಕಚ್ಚುತ್ತಾ ಕೂರ್ತಾರೆ. ಆಗ ಕೇಳು, 1, 2, 3 ಕೊಟ್ಟರೆ? ತಕ್ಷಣ ಯಾರಾದರೊಬ್ಬಳು ಕಡ್ಡಿ ಮುರಿದು ನೆಲದ ಮೇಲೆ ಜೋಡಿಸಲು ಹೋಗ್ತಾಳೆ, ಅದು ತ್ರಿಕೋನ ಆಗದೆ ನೆಟ್ಟಗೆ ಮಲಗಿಬಿಡ್ತದೆ. ಆ ಕಡ್ಡಿ ಮುರಿದವಳನ್ನು ಮೊದಲು ಆರಿಸಿಕೋ. ಮಾರ್ಕ್ಸ್ ಕಾರ್ಡು ಆಮೇಲೆ ನೋಡಿದರಾಯ್ತು.

ಟೆಸ್ಟಿಂಗ್ ಸರ್ಟಿಫಿಕೇಟು ಬೇಡ ಅನ್ನೋದಿಲ್ಲ. ಐಎಸ್‌ಟಿಕ್ಯೂಬಿಯ ಮೊದಲ ಹಂತಕ್ಕೆ 40 ಪ್ರಶ್ನೆ, 60 ನಿಮಿಷ, 26 ಸರಿಯಾದರೆ ಪಾಸು. ಕೆಲಸ ಹುಡುಕುವಾಗ ಬಯೋಡೇಟಾಕ್ಕೆ ಚೆಂದ, ಬರೆಸು. ತಾನೇ ಟೆಸ್ಟ್ ಓಡಿಸೋ ಸೆಲೆನಿಯಂ ಟೂಲು ಬೇಕು ಅಂತ ಹುಡುಗರು ಕುಣೀತಾರೆ, ಯಾಕಂದರೆ ಆಟೊಮೇಷನ್ ಅಂದರೆ ಸಂಬಳ ಜಾಸ್ತಿ ಅಂತ ಯಾರೋ ಹೇಳಿರ್ತಾರೆ. ಕಲಿಸು, ಆದರೆ ಆರು ತಿಂಗಳು ಬಿಟ್ಟು. ಯಂತ್ರ ಹೇಳಿದ್ದನ್ನೇ ಸಾವಿರ ಸಲ ನೋಡ್ತದೆ. ಏನನ್ನು ನೋಡಬೇಕು ಅಂತ ಹೇಳೋದಕ್ಕೆ ಇನ್ನೂ ಒಬ್ಬ ಮನುಷ್ಯ ಬೇಕು. ಈಗ ಎಐ ಟೆಸ್ಟ್ ಕೇಸ್ ಬರೆದು ಕೊಡ್ತದಲ್ಲ ಅಂತೀಯ. ಕೊಡ್ತದೆ. ಆ ಜೂನ್ 1ರ ಕೇಸು ಅದರಲ್ಲಿ ಇದೆಯಾ ಅಂತ ಮಾತ್ರ ಹುಡುಕಿ ನೋಡು. ಮತ್ತೆ ದಯವಿಟ್ಟು, ಬಗ್ ಅಂದರೆ ಹುಳ ಅಂತ ಶುರು ಮಾಡಿ, 1947ರಲ್ಲಿ ಹಾರ್ವರ್ಡಿನ ಮಾರ್ಕ್ 2 ಯಂತ್ರದ ರಿಲೇಯಲ್ಲಿ ಪತಂಗ ಸಿಕ್ಕ ಕಥೆ ಹೇಳಿ ಅರ್ಧ ತಾಸು ಕಳೀಬೇಡ. ಎಲ್ಲಾ ಟ್ರೈನರುಗಳೂ ಅದನ್ನೇ ಹೇಳ್ತಾರೆ, ಕೇಳಿದವನು ಒಂದು ಬಗ್ಗನ್ನೂ ಹಿಡಿಯೋದಿಲ್ಲ.

ನಮ್ಮ ಮಕ್ಕಳ ದೊಡ್ಡ ತೊಂದರೆ ತಂತ್ರಜ್ಞಾನ ಅಲ್ಲ, ಮರ್ಯಾದೆ. ಹಿರಿಯರು ಏನಾದರೂ ತೋರಿಸಿ ಸರಿ ಇದೆಯಾ ಅಂದರೆ "ಹೂಂ ಸರ್, ಸರಿ ಐತ್ರಿ" ಅನ್ನೋದನ್ನು ಹಾಲಿನ ಜೊತೆ ಕುಡಿಸಿದ್ದೀವಿ. ಬೆಂಗಳೂರಿನಿಂದ ಕೊರಳಿಗೆ ಟ್ಯಾಗು ಹಾಕಿಕೊಂಡವ ಬಂದು ಸರಿ ಇದೆಯಾ ಅಂದರೆ ಇನ್ನೂ ಜೋರಾಗಿ ಹೂಂ ಅಂತಾರೆ. ಅದಕ್ಕೆ ಆ ಪ್ರಶ್ನೆಯನ್ನೇ ಕೇಳಬೇಡ. "ಇದರಲ್ಲಿ ಮೂರು ತಪ್ಪು ಇದೆ, ನಾನೇ ಹಾಕಿದ್ದೀನಿ, ಹುಡುಕಿ" ಅನ್ನು. ಎರಡೇ ಹಾಕಿರು. ಮೂರನೆಯದನ್ನು ಹುಡುಕಲು ಹೋಗಿ ನಿನಗೇ ಗೊತ್ತಿಲ್ಲದ ನಾಲ್ಕು ತರ್ತಾರೆ. ಮೊದಲ ಸಲ ಒಬ್ಬ ಹುಡುಗಿ ಎದ್ದು ನಿಂತು "ಮೇಡಂ, ನೀವು ಹೇಳಿದ್ದು ಹಂಗಾಗಲ್ಲ" ಅಂದಾಗ, ನಿನ್ನ ಮೂಗಿನ ತುದಿ ಕೆಂಪಾಗ್ತದೆ, ನನಗೆ ಗೊತ್ತು, ಚಿಕ್ಕಂದಿನಿಂದ ನೋಡಿದ್ದೀನಿ. ಆದರೂ ಎಲ್ಲರ ಮುಂದೆ ಶಭಾಷ್ ಅನ್ನು.

ಇನ್ನೊಂದು ಬಗೆಯ ಹುಡುಗರೂ ಇರ್ತಾರೆ. ತಪ್ಪು ಸಿಕ್ಕ ಕೂಡಲೇ ಊರಿಗೆಲ್ಲ ಡಂಗುರ ಸಾರೋರು. "ನಿಮ್ಮ ಕೋಡು ಸರಿ ಇಲ್ಲ" ಅಂತ ಡೆವಲಪರಿಗೆ ಬರೀತಾರೆ. ಅವನಿಗೆ ಉರೀತದೆ, ಆ ಬಗ್ಗು ಮೂರು ವಾರ ಹಾಗೇ ಬಿದ್ದಿರ್ತದೆ. ವ್ಯಕ್ತಿಯನ್ನು ಬಿಟ್ಟು ಕಂಡದ್ದನ್ನು ಬರೆಯೋದನ್ನು ಕಲಿಸು. "ಪೇಜ್ ವರ್ಕ್ ಆಗ್ತಿಲ್ಲ" ಅಂತ ಬರೆದರೆ ಅದನ್ನು ಹರಿದು ಕೈಗೆ ಕೊಡು. ಹೀಗೆ ಬರೆಸು:

"ಸಾಲದ ಅರ್ಜಿ, ಮೂರನೇ ಪುಟ. ಊರು ಅನ್ನುವಲ್ಲಿ ಕನ್ನಡದಲ್ಲಿ ಚೋರನೂರು ಅಂತ ಟೈಪ್ ಮಾಡಿದೆ. ಮುಂದೆ ಒತ್ತಿದೆ. ನಾಲ್ಕನೇ ಪುಟದಲ್ಲಿ ಚೋರನೂರ ಅಂತ ಬಂತು, ಕೊನೆಯ ಕೊಂಬು ಇಲ್ಲ. ಆ್ಯಪು ಮುಚ್ಚಿ ತೆರೆದು ಮತ್ತೆ ಮಾಡಿದೆ, ಹಾಗೇ ಬಂತು. ಬೇರೆ ಫೋನಿನಲ್ಲೂ ಹಾಗೇ. ಸಂಡೂರು, ಕಂಪ್ಲಿ ಸರಿ ಬರ್ತವೆ. ಹೊಸಪೇಟೆ, ಬಳ್ಳಾರಿ ಬರೋದಿಲ್ಲ. ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಎಲ್ಲವೂ ಸರಿ. ಸ್ಕ್ರೀನ್‌ಶಾಟ್ ಲಗತ್ತಿಸಿದೆ."

ಇದನ್ನು ಓದಿದ ಡೆವಲಪರಿಗೆ ಕೋಪ ಬರೋದಿಲ್ಲ, ಜಾಗ ಗೊತ್ತಾಗ್ತದೆ. ಇಂಥ ಇಪ್ಪತ್ತು ಸಾಲು ಬರೆಯಲು ಬಂದರೆ ನಿನ್ನ ಹುಡುಗಿ ಟೆಸ್ಟರ್ ಆದಳು. ಕನ್ನಡದಲ್ಲೇ ಬರೀಲಿ ಮೊದಲು. ಕಂಡದ್ದನ್ನು ಕಂಡ ಹಾಗೆ ಹೇಳಲು ಬಂದ ಮೇಲೆ ಇಂಗ್ಲಿಷು ಹೇಗೋ ಹಿಂದೆ ಬರ್ತದೆ. ಇಂಗ್ಲಿಷಿಗೆ ಹೆದರಿ ಕಂಡದ್ದನ್ನೇ ನುಂಗಿಕೊಂಡ ಜಾಣರನ್ನು ನಾನು ಬೇಕಾದಷ್ಟು ನೋಡಿದ್ದೀನಿ.

ವಾರದ ಕೊನೆಗೆ ನೀನು ಮೇಲಿನವರಿಗೆ ವರದಿ ಕಳಿಸ್ತೀಯಲ್ಲ, ನೂರಕ್ಕೆ 97 ಪಾಸು ಅಂತ ಹಸಿರು ಬಣ್ಣ ಬಳಿದು, ಅದರ ಬಗ್ಗೆ ಒಂದು ಮಾತು. ತುಂಗಭದ್ರಾ ಅಣೆಕಟ್ಟಿಗೆ 33 ಕ್ರಸ್ಟ್ ಗೇಟು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯ್ತು. ಉಳಿದ 32 ತಮ್ಮ ಜಾಗದಲ್ಲೇ ಇದ್ದವು. ಲೆಕ್ಕ ಹಾಕು, ಅದೂ ನೂರಕ್ಕೆ 97! ಆ ಒಂದನ್ನು ಮುಚ್ಚಲು ತುಂಬಿ ನಿಂತ ಜಲಾಶಯದ ನೀರನ್ನು ಹೊಳೆಗೆ ಬಿಟ್ಟು ಇಳಿಸಬೇಕಾಯ್ತು. ಗೇಟಿನ ಜಾಗಕ್ಕೆ ತಾತ್ಕಾಲಿಕ ತಡೆಯಾಗಿ ಸ್ಟಾಪ್ ಲಾಗ್ ಇಳಿಸುವ ಹೊತ್ತಿಗೆ ಸುಮಾರು ಒಂದು ವಾರ ಆಗಿತ್ತು. ಕಂಪ್ಲಿಯಿಂದ ಕೆಳಗಿನವರು ಆ ವಾರ ಹೇಗೆ ಕಳೆದರು ಅಂತ ಅವರನ್ನೇ ಕೇಳು. ಹಾಗಾಗಿ ಎಷ್ಟು ಪಾಸು ಅಂತ ಬರೆಯೋದನ್ನು ಕಡಿಮೆ ಮಾಡು. ಯಾವುದು ಫೇಲು, ಅದು ಯಾರ ಕೈಗೆ ಪೆಟ್ಟು ಕೊಡ್ತದೆ, ಯಾವುದನ್ನು ನಾವು ನೋಡಲೇ ಇಲ್ಲ ಅಂತ ಬರಿ. ಆ ಮೂರನೇ ಸಾಲು ಬರೆಯಲು ಎದೆ ಬೇಕು. ಬರೆದವರನ್ನು ಬೈದರೆ ಮುಂದಿನ ವಾರದಿಂದ ಆ ಸಾಲು ಖಾಲಿ ಬರ್ತದೆ.

ದಿನಕ್ಕೆ ಇಷ್ಟು ಬಗ್ಗು ಹಿಡೀಬೇಕು ಅಂತ ಗುರಿ ಮಾತ್ರ ಕೊಡಬೇಡ. ಕೊಟ್ಟೆಯೋ, ಒಂದೇ ಬಗ್ಗನ್ನು ಐದು ತುಂಡು ಮಾಡಿ ಐದು ಅಂತ ತೋರಿಸ್ತಾರೆ. ನಾಲ್ಕು ದಿನ ಒಂದೂ ಸಿಗದೆ ಐದನೇ ದಿನ ಆ ಗುಂಟೆ ಲೆಕ್ಕದಂಥದ್ದು ಸಿಗಬಹುದು. ಸಂಬಳವನ್ನು ತಿಂಗಳ ಮೊದಲ ವಾರವೇ ಕೊಡು. ಊರಿನಲ್ಲೇ ಕೂತು ಮಾಡೋ ಕೆಲಸ ಅಂದರೆ ಕೆಲಸವೇ ಅಲ್ಲ ಅಂತ ತಿಳಿಯೋ ಮಾವಂದಿರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಹುಡುಗಿಯರ ಅಪ್ಪ ಅವ್ವನನ್ನು ಒಂದು ದಿನ ಕರೆಸಿ, ಮಗಳು ಏನು ಮಾಡ್ತಾಳೆ ಅಂತ ಅವಳ ಕೈಯಿಂದಲೇ ತೋರಿಸು. ತನ್ನ ಊರಿನ ಹೆಸರಿಗೆ ಕೊಂಬು ತಂದುಕೊಟ್ಟವಳು ಅಂದರೆ ಯಾವ ಅಪ್ಪನಿಗೂ ಅರ್ಥ ಆಗ್ತದೆ.

ಕಡೆಗೆ ಒಂದು. ಎಷ್ಟು ನೋಡಿದರೂ ಒಂದು ದಿನ ದೊಡ್ಡದೊಂದು ತಪ್ಪು ಕಣ್ಣು ತಪ್ಪಿಸಿ ಹೊರಗೆ ಹೋಗ್ತದೆ. ಯಾವನೋ ರೈತ ಬಂದು ಬಾಗಿಲು ಬಡಿದ ಮೇಲೆ ಗೊತ್ತಾಗ್ತದೆ. ಬೆಂಗಳೂರಿನಿಂದ ಫೋನು ಬರ್ತದೆ, ಯಾರು ನೋಡಿದ್ದು ಅದನ್ನು ಅಂತ. ಆವಾಗ ಹೆಸರು ಹೇಳಬೇಡ. ನಾನು ಲೀಡು, ನನ್ನನ್ನು ಕೇಳಿ ಅನ್ನು. ಮೊದಲು ಆ ರೈತನ ಲೆಕ್ಕ ಸರಿಮಾಡಿಸು. ಆಮೇಲೆ ಅದನ್ನು ಬಿಟ್ಟ ಹುಡುಗನನ್ನೇ ಪಕ್ಕ ಕೂರಿಸಿಕೊಂಡು, ಏನು ಹೊಡೆದಿದ್ದರೆ ಅದು ಸಿಕ್ಕಿರೋದು ಅಂತ ಅವನ ಕೈಯಿಂದಲೇ ಹೊಸ ಟೆಸ್ಟ್ ಕೇಸ್ ಬರೆಸು. ಪಟ್ಟಿಗೆ ಸೇರಿಸು. ಮುಂದಿನ ಬ್ಯಾಚಿಗೆ ಪಾಠ ಹೇಳಲು ಅವನನ್ನೇ ಕಳಿಸು.